ನಲವತ್ತೊಂದು ಶ್ರೀ

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಗಲ್ಲಿಯಲ್ಲಿದ್ದ ತೋಂಟದಾರ್ಯನ ಪ್ರೆಸ್ಸಿನಲ್ಲಿ ಹದಿನಾರು ಪಾಯಿಂಟಿನ ‘ಶ್ರೀ’ ಅಚ್ಚುಮೊಳೆಗಳು ಇದ್ದದ್ದು ಒಟ್ಟು ನಲವತ್ತೊಂದು. ‘ಕ’ ಬೇಕಾದಷ್ಟಿತ್ತು. ‘ರ’ ಸುರಿದುಕೊಳ್ಳುವಷ್ಟಿತ್ತು. ಯಾರಿಗೂ ಬೇಡದ ‘ಙ’ ಕೂಡ ಒಂದು ಬೊಗಸೆ ತುಂಬ ಬಿದ್ದಿತ್ತು. ಶ್ರೀ ಮಾತ್ರ ನಲವತ್ತೊಂದು, ಅದರಲ್ಲೂ ಆರಕ್ಕೆ ಬಾಲ ಮುರಿದಿತ್ತು. ಸೀಸದ ಮೊಳೆಗಳಲ್ಲಿ ಎಲ್ಲಕ್ಕಿಂತ ಬೇಗ ಸವೆಯುವುದು ಶ್ರೀ ಎಂಬುದನ್ನು ಹದಿನೈದು ವರ್ಷದಿಂದ ಅಲ್ಲಿ ಮೊಳೆ ಜೋಡಿಸುತ್ತಿದ್ದ ಚಿಕ್ಕಣ್ಣ ಕಂಡುಕೊಂಡಿದ್ದ. ಮದುವೆ, ಗೃಹಪ್ರವೇಶ, ತಿಥಿ, ಸಹಕಾರ ಸಂಘದ ಚುನಾವಣೆ, ಏನೇ ನಡೆದರೂ ಮೊದಲು ಕೂಲಿಗೆ ಹೊರಡುವುದು ಈ ನಲವತ್ತೊಂದೇ.

ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿರುತ್ತದೆ. ಹೀಗಾಗಿ ಸುತ್ತಿನ ಮೂರು ತಾಲ್ಲೂಕಿನ ದೊಡ್ಡವರನ್ನೆಲ್ಲ ಚಿಕ್ಕಣ್ಣ ತಲೆಕೆಳಗಾಗಿ, ಹಿಂದುಮುಂದಾಗಿಯೇ ಓದುತ್ತ ಬಂದಿದ್ದ. ಹಾಗೆ ಓದಿದರೇ ಅವರು ಸರಿಯಾಗಿ ಕಾಣುತ್ತಾರೆ ಎಂದು ಶನಿವಾರದ ಓದುಬಳಗದಲ್ಲಿ ಹೇಳಿ ನಗಿಸುತ್ತಿದ್ದ. ಆ ಬಳಗ ಸೇರುತ್ತಿದ್ದುದು ಗಣಿತದ ಲೆಕ್ಚರರ್ ಶ್ರೀರಂಗಯ್ಯನವರ ಮನೆಯ ಜಗುಲಿಯ ಮೇಲೆ. ಅಲ್ಲಿಗೆ ಹೋಗತೊಡಗಿದ ಮೇಲೆ ಚಿಕ್ಕಣ್ಣ ಪ್ರೆಸ್ಸಿಗೆ ಬಂದವರನ್ನು ‘ಬುದ್ದಿ’ ಎನ್ನುವುದನ್ನು ಬಿಟ್ಟು ‘ಸಾರ್’ ಎನ್ನುತ್ತಿದ್ದ. ಇಷ್ಟು ಸಣ್ಣ ಬದಲಾವಣೆಗೇ ಮೂವರು ಸಾಹುಕಾರರು ತಮ್ಮ ಕೆಲಸವನ್ನು ಬೇರೆ ಪ್ರೆಸ್ಸಿಗೆ ಒಯ್ದಿದ್ದರು.

ಈ ಹದಿನೈದು ವರ್ಷದಲ್ಲಿ ಅವನ ಬೆರಳು ದಾಟಿಹೋದ ಹೆಸರುಗಳು ಲಕ್ಷ ಮುಟ್ಟಿರಬಹುದು. ಅವನ ತಾಯಿ ಗಂಗಕ್ಕನ ಹೆಸರು ಅವುಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಏನೋ ಇತ್ತು. ಗುಮಾಸ್ತ ಕೊಕ್ಕರೆಗಾಲಿನ ಅಕ್ಷರದಲ್ಲಿ ‘ಗಂಗಿ’ ಎಂದು ಗೀಚಿದ್ದ. ಆ ಹೆಸರನ್ನು ಒಮ್ಮೆ ಅಚ್ಚಿನಲ್ಲಿ, ಶ್ರೀಮತಿ ಸಮೇತ, ನೋಡಲೇಬೇಕೆಂಬ ಹಟ ಚಿಕ್ಕಣ್ಣನಿಗೆ ಹುಟ್ಟಿದ್ದು ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಅವನ ಊರಾದ ಕಲ್ಲುಬಾವಿಪಾಳ್ಯದ ಹೈಸ್ಕೂಲು ಕಟ್ಟಡ ಮುಗಿದಾಗ.

ಹಂದನಕೆರೆ ಕಡೆಯ ಈ ಊರಿನ ಹಳೆಯ ಶಾಲೆಯಲ್ಲಿ ಕೇರಿಯ ಮಕ್ಕಳು ಕೂರುತ್ತಿದ್ದದ್ದು ಹೊಸ್ತಿಲಿನ ಆಚೆ, ಜಗುಲಿಯಲ್ಲಿ. ಚಿಕ್ಕಣ್ಣ ಅಕ್ಷರ ಕಲಿತದ್ದು ಅಲ್ಲಿಂದಲೇ, ಬಾಗಿಲೊಳಗೆ ಕತ್ತು ಚಾಚಿ. ಹೊಸ ಕಟ್ಟಡಕ್ಕೆ ಕೇರಿಯ ಮನೆಗೊಬ್ಬರಂತೆ ವಾರಕ್ಕೊಂದು ದಿನ ಬಿಟ್ಟಿ ದುಡಿಯಬೇಕೆಂದು ಕಟ್ಟಡ ಸಮಿತಿ ಅಪ್ಪಣೆ ಮಾಡಿತ್ತು. ಬಿಟ್ಟಿ ಎಂದರೆ ಚೆನ್ನಾಗಿ ಕಾಣದು ಎಂದು ಅದಕ್ಕೆ ‘ಶ್ರಮದಾನ’ ಎಂಬ ಬೋರ್ಡು ಬರೆಸಿ ನೆಟ್ಟಿದ್ದರು. ಗಂಗಕ್ಕ ಹದಿನಾಲ್ಕು ತಿಂಗಳು ಗಾರೆ ಹೊತ್ತಳು. ಹೊತ್ತದ್ದು ಸಾಲದೆಂಬಂತೆ ಒಂದು ಕಲ್ಲನ್ನೂ ಕೊಟ್ಟಳು.

ಆ ಕಲ್ಲಿನದು ಇನ್ನೊಂದು ಕಥೆ. ಸಮಿತಿಯ ಅಧ್ಯಕ್ಷ ಕರಿಬಸವಯ್ಯ, ಮೂರು ತೋಟದ ಯಜಮಾನ, ಶಾಲೆಯ ಮುಂಬಾಗಿಲಿನ ಕಲ್ಲುಚೌಕಟ್ಟನ್ನೂ ಅದರ ಕೆಳಗಿನ ಮೆಟ್ಟಿಲು ಚಪ್ಪಡಿಯನ್ನೂ ತಾನೇ ಕೊಡುವುದಾಗಿ ಸಾರಿದ್ದ. ಕೆರೆ ಏರಿಯ ಮೇಲಿನ ಹಳೆಯ ಮಂಟಪ ಆ ವಾರವೇ ಬೋಳಾಯಿತು. ಚೌಕಟ್ಟು ಸುಖವಾಗಿ ಬಂತು. ಚಪ್ಪಡಿ ಮಾತ್ರ ಗಾಡಿಯಿಂದ ಇಳಿಸುವಾಗ ಎರಡು ಹೋಳಾಯಿತು. ಯಜಮಾನನಿಗೆ ಹೇಳುವ ಧೈರ್ಯ ಗಾರೆಯವನಿಗೆ ಇರಲಿಲ್ಲ. ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದನ್ನು ನೋಡಿ ಗಂಗಕ್ಕ, ತನ್ನ ಹಿತ್ತಲಲ್ಲಿ ಬಟ್ಟೆ ಒಗೆಯುವ ಚಪ್ಪಡಿಯೊಂದಿದೆ, ಅಳತೆಗೆ ಸರಿಹೋದೀತು ಎಂದಳು. ಊರೆಲ್ಲ ಉಣ್ಣಲು ಹೋಗಿದ್ದ ಹೊತ್ತಿನಲ್ಲಿ ಅವಳೂ ಪಕ್ಕದ ಮನೆಯ ಕೆಂಪಕ್ಕನೂ ಅದನ್ನು ಉರುಳುಗಟ್ಟಿಗೆಯ ಮೇಲೆ ತಳ್ಳಿಕೊಂಡು ಬಂದರು. ಗಾರೆಯವನು ನಾಲ್ಕು ಏಟು ಹಾಕಿ ಕೂರಿಸಿ, ಮೇಲೆ ಚೌಕಟ್ಟು ನಿಲ್ಲಿಸಿಬಿಟ್ಟ. ಮಾರನೆಯ ದಿನ ಕರಿಬಸವಯ್ಯ ಬಂದು ‘ತನ್ನ’ ಕಲ್ಲಿಗೆ ವಿಭೂತಿ ಬಳಿದು, ದಾಸವಾಳ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂದಿನಿಂದ ಕಟ್ಟಡ ನೋಡಲು ಬಂದವರೆಲ್ಲರೂ ಬಗ್ಗಿ ಆ ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡಿಯೇ ಒಳಗೆ ಹೋಗುವುದು ವಾಡಿಕೆಯಾಯಿತು. ಕೇರಿಯವರು ನಗು ತಡೆಯಲಾಗದೆ ಗಾರೆ ಬಾಣಲೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಪ್ರಾರಂಭೋತ್ಸವಕ್ಕೆ ಹನ್ನೆರಡು ದಿನ ಇರುವಾಗ ಸಮಿತಿಯವರು ಆಹ್ವಾನಪತ್ರಿಕೆ ಹಾಕಿಸಲು ತೋಂಟದಾರ್ಯನ ಪ್ರೆಸ್ಸಿಗೆ ಬಂದರು. ಹೆಸರುಗಳು ಅರವತ್ತಮೂರು. ಅಧ್ಯಕ್ಷರ ಹೆಂಡತಿ ವಿಮಲಮ್ಮನವರನ್ನು ಬಿಟ್ಟರೆ ಎಲ್ಲ ಗಂಡಸರೇ. ಎಲ್ಲರಿಗೂ ಶ್ರೀ ಬೇಕು, ಎಲ್ಲರದೂ ಒಂದೇ ಹಾಳೆಯಲ್ಲಿ, ಒಂದೇ ಗಾತ್ರದಲ್ಲಿ ಬರಬೇಕು. ಇರುವುದು ನಲವತ್ತೊಂದು ಎಂದು ಚಿಕ್ಕಣ್ಣ ತಿಳಿಸಿದ. ಬೆಂಗಳೂರಿನಲ್ಲಿ ಮೊಳೆ ಎರಕ ಹೊಯ್ಯುವ ಫೌಂಡ್ರಿಗೆ ಬರೆದು ತರಿಸಿದರೆ ಒಂದು ತಿಂಗಳು.

ಅರವತ್ತಮೂರರಲ್ಲಿ ಅರ್ಧ ಕರಿಬಸವಯ್ಯನ ಕಡೆ, ಇನ್ನರ್ಧ ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯನ ಕಡೆ. ಇಬ್ಬರಿಗೂ ಹದಿನೈದು ವರ್ಷದಿಂದ ಮಾತಿಲ್ಲ. ಮಾತಿಲ್ಲದಿದ್ದರೂ ಜಗಳ ನಿಂತಿರಲಿಲ್ಲ. ಗೋಡೆಗೆ ಹೇಳಿದಂತೆ ಹೇಳಿ ಒಬ್ಬರನ್ನೊಬ್ಬರು ಬಯ್ಯುವ ಕಲೆ ಇಬ್ಬರಿಗೂ ಸಿದ್ಧಿಸಿತ್ತು.

ದಾರಿ ಇಲ್ಲದೆ ಇರಲಿಲ್ಲ. ಅರ್ಧ ಹೆಸರನ್ನು ಮೊದಲು ಅಚ್ಚು ಹಾಕಿ, ಅದೇ ಶ್ರೀಗಳನ್ನು ಬಿಚ್ಚಿ ಉಳಿದ ಹೆಸರಿಗೆ ಜೋಡಿಸಿ, ಅದೇ ಹಾಳೆಯನ್ನು ಇನ್ನೊಂದು ಸಲ ಕಾಲಲ್ಲಿ ತುಳಿದು ಅಚ್ಚೊತ್ತುವ ಟ್ರೆಡಲ್‌ಗೆ ಕೊಟ್ಟರಾಯಿತು. ಮುದ್ರಣ ಬಲ್ಲ ಯಾರಿಗಾದರೂ ತಿಳಿಯುವ ಉಪಾಯ. ತೋಂಟದಾರ್ಯ ಅದನ್ನು ಹೇಳಿ ಮುಗಿಸುವ ಮೊದಲೇ ರೇವಣಸಿದ್ದಯ್ಯ ಗೋಡೆಯ ಕ್ಯಾಲೆಂಡರಿಗೆ ಕೇಳಿದ, ಮೊದಲ ಸಲ ಯಾರದು, ಎರಡನೇ ಸಲ ಯಾರದು ಎಂದು. ಒಬ್ಬರ ಹೆಸರಿಗೆ ಹಚ್ಚಿದ ಶ್ರೀಯನ್ನು ಇನ್ನೊಬ್ಬರ ಹೆಸರಿಗೆ ಹಚ್ಚುವುದೆಂದರೆ ಎಂಜಲು ಎಲೆಯಲ್ಲಿ ಬಡಿಸಿದ ಹಾಗೆ. ಎಂಜಲು ಶ್ರೀ ತಮಗೆ ಬೇಡ ಎಂದು ಎರಡೂ ಕಡೆಯವರು, ಆ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದ, ಎದ್ದು ನಿಂತರು.

ಕಡಿಮೆ ಬಿದ್ದ ಇಪ್ಪತ್ತೆರಡು ಶ್ರೀಗಳನ್ನು ಹಲಸಿನ ಮರದಲ್ಲಿ ತಾನು ಕೆತ್ತಿಕೊಡುತ್ತೇನೆಂದು ಚಿಕ್ಕಣ್ಣ ಹೇಳಿದ. ಪೋಸ್ಟರುಗಳ ದಪ್ಪ ಅಕ್ಷರವನ್ನು ಅವನು ಹಾಗೇ ಕೆತ್ತುತ್ತಿದ್ದ, ಕೈ ಕುದುರಿತ್ತು. ಅದಕ್ಕೂ ಒಪ್ಪಲಿಲ್ಲ. ಸೀಸದ ಶ್ರೀ ಯಾರಿಗೆ, ಮರದ ಶ್ರೀ ಯಾರಿಗೆ?

ಕಾಲೇಜಿನ ವಾರ್ಷಿಕ ಸಂಚಿಕೆಯ ಪ್ರೂಫ್ ನೋಡುತ್ತ ಮೂಲೆಯಲ್ಲಿ ಕೂತಿದ್ದ ಶ್ರೀರಂಗಯ್ಯನವರು ಕನ್ನಡಕ ಮೇಲೆತ್ತಿದರು. ಲೆಕ್ಕದಲ್ಲಿ ಎಲ್ಲದಕ್ಕೂ ಸಾಮಾನ್ಯವಾದದ್ದನ್ನು ಆವರಣದ ಹೊರಗೆ ಒಂದೇ ಸಲ ಬರೆಯುತ್ತಾರೆ, ಹಾಗೇ ಒಂದು ದೊಡ್ಡ ಶ್ರೀ ಹಾಕಿ, ಪಕ್ಕದಲ್ಲಿ ಉದ್ದಕ್ಕೊಂದು ಬಾಗು ಗೆರೆ ಎಳೆದು, ಒಳಗೆ ಅರವತ್ತಮೂರು ಹೆಸರನ್ನೂ ಸೇರಿಸಿದರೆ ಒಂದೇ ಮೊಳೆ ಸಾಕು ಎಂದರು.

“ಶ್ರೀ ಅಂದ್ರೇನು ಸಾರ್, ಛತ್ರದ ಜಮಖಾನನಾ, ಎಲ್ಲಾರೂ ಒಟ್ಟಿಗೆ ಕೂತ್ಕಳಕ್ಕೆ?” ಎಂದ ರೇವಣಸಿದ್ದಯ್ಯ.

ಆಗ ಶ್ರೀರಂಗಯ್ಯನವರ ಕಣ್ಣಿನಲ್ಲಿ ಒಂದು ತುಂಟತನ ಮಿಂಚಿತು. ಹಾಗಾದರೆ ಕಂಪ್ಯೂಟರಿಗೆ ಬಿಡಿ ಎಂದರು. ಆ ವರ್ಷ ಪೇಪರಿನಲ್ಲಿ ದಿನ ಬೆಳಗಾದರೆ ಕಂಪ್ಯೂಟರಿನ ಮಾತು. ಅದನ್ನು ಕಂಡವರು ತಿಪಟೂರಿನಲ್ಲಿ ಯಾರೂ ಇಲ್ಲದ್ದರಿಂದ ಅದರ ಮೇಲೆ ಎಲ್ಲರಿಗೂ ಭಕ್ತಿ. ಯಂತ್ರ ಎಲ್ಲಿದೆ ಎಂದು ಕರಿಬಸವಯ್ಯ ಕೇಳಿದ. ಯಂತ್ರ ಬೇಕಿಲ್ಲ, ನಿಯಮವೇ ಯಂತ್ರ ಎಂದು ಲೆಕ್ಚರರು ವಿವರಿಸಿದರು. ನೀವು ಪ್ರಶ್ನೆಗಳನ್ನು ಬರೆದುಕೊಡಬೇಕು. ಒಂದೊಂದು ಹೆಸರನ್ನೂ ಆ ಪ್ರಶ್ನೆಗಳ ಮುಂದೆ ನಿಲ್ಲಿಸಬೇಕು. ಹೌದಾದರೆ ಮುಂದಿನ ಪ್ರಶ್ನೆಗೆ, ಇಲ್ಲವಾದರೆ ಹೊರಕ್ಕೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಮುಖ ನೋಡುವಂತಿಲ್ಲ.

ಚಿಕ್ಕಣ್ಣನಿಗೆ ಇದು ಹೊಸದಾಗಿರಲಿಲ್ಲ. ಈ ಚೌಕ, ಬಾಣ, ಶಂಕರಪೋಳಿ ಆಕಾರದ ಪ್ರಶ್ನೆಯ ಮನೆಗಳನ್ನು ಶ್ರೀರಂಗಯ್ಯನವರು ಹಿಂದೊಮ್ಮೆ ಓದುಬಳಗದಲ್ಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಾಗ ಅವನು, ಇದನ್ನು ನಮ್ಮವ್ವ ದಿನಾ ಮಾಡುತ್ತಾಳಲ್ಲ ಎಂದಿದ್ದ. ಗಂಗಕ್ಕ ತೋಟದವರ ಅಟ್ಟಗಳ ಕೆಳಗೆ ಕೂತು ಕೊಬ್ಬರಿ ಕಾಯಿ ಆರಿಸುವವಳು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾಳೆ. ಒಳಗೆ ಒಣಗಿದ ಕೊಬ್ಬರಿಯ ಗಿಟುಕು ಚಿಪ್ಪು ಬಿಟ್ಟುಕೊಂಡು ಸದ್ದು ಬಂದರೆ ಸುಲಿಯುವ ರಾಶಿಗೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಮರಳಿ ಅಟ್ಟಕ್ಕೆ. ಒಡೆದಾಗ ಬೆಳ್ಳಗಿದ್ದರೆ ಈ ಕಡೆ, ಕೆಟ್ಟು ಕೌಟಾಗಿದ್ದರೆ ಆ ಕಡೆ. ಕಾಯಿ ಯಾವ ತೋಟದ್ದು, ಯಾರ ಮರದ್ದು ಎಂದು ಅವಳು ಕೇಳಿದ್ದಿಲ್ಲ.

ನಿಯಮ ಬರೆಯುವ ಸಭೆ ಅಲ್ಲೇ ನಡೆಯಿತು. ಅದನ್ನು ನೋಡಬೇಕಿತ್ತು. ರೇವಣಸಿದ್ದಯ್ಯನ ಕಡೆಯವರು ಕೆಲಸದ ದಿನಗಳಲ್ಲಿ ಊಟ ಹಾಕಿಸಿದ್ದರು. ಆ ಊಟ ಎಂದೋ ಜೀರ್ಣವಾಗಿದೆಯೆಂದು ಕರಿಬಸವಯ್ಯ ಮೊದಲ ಪ್ರಶ್ನೆ ಹೇಳಿದ: ಕೊಟ್ಟದ್ದು ಕಟ್ಟಡದಲ್ಲಿ ಈಗಲೂ ನಿಂತಿದೆಯೇ? ಮಂಟಪದ ಕಲ್ಲನ್ನು ನೆನೆಸಿಕೊಂಡು ರೇವಣಸಿದ್ದಯ್ಯ ಎರಡನೆಯದನ್ನು ಹೇಳಿದ: ಕೊಟ್ಟದ್ದು ಸ್ವಂತದ್ದೇ? ರೇವಣಸಿದ್ದಯ್ಯ ಹೆಂಚು ಕೊಟ್ಟಿದ್ದ, ಆದರೆ ಲಾರಿಯನ್ನು ಕಳಿಸಿದ್ದನೇ ಹೊರತು ಒಂದು ದಿನವೂ ಊರಿಗೆ ಕಾಲಿಟ್ಟಿರಲಿಲ್ಲ. ಅದಕ್ಕೆ ಕರಿಬಸವಯ್ಯನ ಮೂರನೆಯ ಪ್ರಶ್ನೆ: ಕೈಯಾರೆ ಕೊಟ್ಟರೇ? ಇಬ್ಬರೂ ಇನ್ನೊಬ್ಬನಿಗೆ ತೋಡಿದ ಹಳ್ಳವನ್ನೇ ನೋಡುತ್ತಿದ್ದರು, ತಮ್ಮ ಕಾಲಕೆಳಗಿನದನ್ನು ಅಲ್ಲ. ಮೂರಕ್ಕೂ ಹೌದು ಎಂದವರಿಗೆ ಮಾತ್ರ ಶ್ರೀ ಎಂದು ಬರೆದಾಯಿತು. ಅಡಿಪಾಯದ ದಿನ ಒಂದು ಕರಣೆ ಗಾರೆ ಹಾಕಿ ಫೋಟೋ ತೆಗೆಸಿಕೊಂಡ ತನ್ನ ಭಾವಮೈದುನರನ್ನೆಲ್ಲ ಸೇರಿಸುವ ಆಸೆಯಿಂದ ಕರಿಬಸವಯ್ಯ ತಲೆಬರಹವೊಂದನ್ನು ಹೇಳಿ ಬರೆಸಿದ: ‘ಕಟ್ಟಡಕ್ಕೆ ಕೈ ಹಾಕಿದ ಪ್ರತಿಯೊಬ್ಬರ ಹೆಸರನ್ನೂ ಪರೀಕ್ಷೆಗೆ ಒಡ್ಡತಕ್ಕದ್ದು.’ ಎಲ್ಲರೂ ರುಜು ಹಾಕಿದರು.

ಕಂಪ್ಯೂಟರ್ ಆಗಿ ಕೂರಬೇಕಾದವನು ಚಿಕ್ಕಣ್ಣ. “ಯಾರ ಮುಖಾನೂ ನೋಡ್‌ಬಾರದು ಕಣ್ಲಾ, ಗೊತ್ತಾಯ್ತಾ?” ಎಂದು ಕರಿಬಸವಯ್ಯ ಎಚ್ಚರಿಸಿದ.

“ಹದಿನೈದು ವರ್ಷದಿಂದ ತಾವೆಲ್ಲ ನನ್ನ ಮುಖ ನೋಡಿಲ್ವಲ್ಲ ಸಾರ್,” ಎಂದ ಚಿಕ್ಕಣ್ಣ, “ಅದು ಹೆಂಗೆ ಅಂತ ನೋಡಿ ಕಲ್ತಿದೀನಿ.”

ಮೂರು ಶಂಕರಪೋಳಿಗಳನ್ನೂ ಬಾಣಗಳನ್ನೂ ಅವನು ಹಲಸಿನ ಹಲಗೆಯಲ್ಲಿ ಕೆತ್ತಿ, ಮಸಿ ಹಚ್ಚಿ ಅಚ್ಚು ತೆಗೆದು ಪ್ರೆಸ್ಸಿನ ಗೋಡೆಗೆ ಅಂಟಿಸಿದ. ಹೆಸರಿಗೊಂದು ಚೀಟಿ ಮಾಡಿಕೊಂಡ. ಅರವತ್ತಮೂರು ಸಮಿತಿ ಕೊಟ್ಟದ್ದು. ‘ಕೈ ಹಾಕಿದ ಪ್ರತಿಯೊಬ್ಬರು’ ಎಂದಿದ್ದರಿಂದ ಕೇರಿಯ ಹದಿನಾರು ಮನೆಗೆ ಹದಿನಾರು. ಗಂಗಕ್ಕನ ಚೀಟಿ ಬರೆಯುವಾಗ ಮಾತ್ರ ಅರ್ಧಕ್ಕೆ ನಿಲ್ಲಿಸಿದ. ಮೋಸ ಮಾಡುತ್ತಿದ್ದೇನೆಯೇ ಎಂದು ಕೇಳಿಕೊಂಡ. ಇಲ್ಲ. ನಿಯಮ ಅವರದು, ರುಜು ಅವರದು, ಕಲ್ಲು ಅವ್ವನದು.

ಮೂರು ದಿನ ಊರಿಗೆ ಹೋಗಿಬಂದು, ನೋಡಿ, ವಿಚಾರಿಸಿ ಚೀಟಿಗಳನ್ನು ನಡೆಸಿದ. ದೊಡ್ಡವರು ಮೊದಲ ಶಂಕರಪೋಳಿಯಲ್ಲೇ ಉದುರಿದರು. ಒಬ್ಬರು ಕೊಟ್ಟದ್ದು ‘ಪ್ರೋತ್ಸಾಹ’. ಇನ್ನೊಬ್ಬರದು ‘ಮಾರ್ಗದರ್ಶನ’. ಅದನ್ನು ಯಾವ ಗೋಡೆಗೆ ಹಾಕಿದ್ದೀರಿ ಎಂದು ಚಿಕ್ಕಣ್ಣ ಗಾರೆಯವನನ್ನು ವಿನಯದಿಂದ ಕೇಳಿದ್ದ. ವಿಮಲಮ್ಮನವರು ಕೊಟ್ಟ ಹಿತ್ತಾಳೆ ದೀಪ ಪೂಜೆ ಮುಗಿದ ಸಂಜೆಯೇ ಅವರ ಜೊತೆ ಮನೆಗೆ ಹಿಂತಿರುಗಿತ್ತು. ಭಾವಮೈದುನರ ಕರಣೆ ಗಾರೆಯನ್ನು ಗಾರೆಯವನು ಅಂದೇ ಕೆರೆದು ಬಿಸಾಕಿದ್ದ, ಓರೆಯಾಗಿತ್ತಂತೆ. ಕರಿಬಸವಯ್ಯ ಎರಡನೆಯದರಲ್ಲಿ ಹೋದ, ರೇವಣಸಿದ್ದಯ್ಯ ಮೂರನೆಯದರಲ್ಲಿ. ಅರವತ್ತಮೂರರಲ್ಲಿ ದಾಟಿದವನು ಒಬ್ಬನೇ, ಗೋಡೆಯ ಕರಿಹಲಗೆಗೆ ತನ್ನ ಕೈಯಿಂದಲೇ ಮಸಿ ಅರೆದು ಬಳಿದ ರಿಟೈರಾದ ಮೇಷ್ಟ್ರು. ಕೇರಿಯ ಹದಿನಾರೂ ದಾಟಿದವು. ಗೋಡೆ ನಿಂತಿದೆ, ಬೆವರು ಸ್ವಂತದ್ದು, ಹೊತ್ತದ್ದು ಕೈಯಾರೆ. ದಾನ ಹೌದೋ ಅಲ್ಲವೋ ಎಂದು ತಕರಾರು ತೆಗೆಯುವಂತೆಯೂ ಇರಲಿಲ್ಲ. ಹಾಗೆಂದು ಸಮಿತಿಯೇ ಬೋರ್ಡು ನೆಟ್ಟಿತ್ತು.

ಫಲಿತಾಂಶ ಕೇಳಲು ಸಮಿತಿ ಬಂತು. ಚಿಕ್ಕಣ್ಣ ಹದಿನೇಳು ಚೀಟಿ ಓದಿದ. ಕರಿಬಸವಯ್ಯ ಮೊದಲು ತಮಾಷೆ ಎಂದುಕೊಂಡ. ಆಮೇಲೆ ಎಲೆಯಡಿಕೆ ಉಗುಳಿ ಬಂದ. ಹೊರಬಿದ್ದವರ ಹೆಸರಿನ ಪಕ್ಕ ಕಾರಣ ಇತ್ತು, ದಾಟಿದವರ ಪಕ್ಕ ಕೊಟ್ಟದ್ದೇನು ಎಂದಿತ್ತು. ಗಂಗಕ್ಕನ ಪಕ್ಕ ‘ಗೋಡೆಯ ಗಾರೆ, ಮುಂಬಾಗಿಲಿನ ಮೆಟ್ಟಿಲು ಚಪ್ಪಡಿ’ ಎಂದು ಓದಿದ್ದು ಕೇಳಿ ಕರಿಬಸವಯ್ಯ ತಡೆಯುವಂತೆ ಕೈ ಎತ್ತಿದ.

“ಅದು ನಾನು ಕೊಟ್ಟ ಕಲ್ಲು ಕಣ್ಲಾ.”

“ತಮ್ಮ ಕಲ್ಲು ಇಳಿಸುವಾಗಲೇ ಎರಡು ಹೋಳಾಯ್ತು ಸಾರ್. ಹಿಂದಿನ ಬೇಲಿ ಮಗ್ಗುಲಲ್ಲಿ ಬಿದ್ದೈತೆ, ಹೋಗಿ ನೋಡಬೌದು. ಬಾಗಿಲಲ್ಲಿರೋದು ನಮ್ಮವ್ವ ಬಟ್ಟೆ ಒಗೀತಿದ್ದ ಕಲ್ಲು.”

ಟ್ರೆಡಲ್ ನಿಂತುಹೋಯಿತು. ಕರಿಬಸವಯ್ಯ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ವರ್ಷದಿಂದ ಆ ಕೈ ಎಷ್ಟು ಸಲ ಆ ಮೆಟ್ಟಿಲು ಮುಟ್ಟಿ ಕಣ್ಣಿಗೆ ಬಂದಿತ್ತೋ. ರೇವಣಸಿದ್ದಯ್ಯನಿಗೆ ಪಕ್ಕೆಯಲ್ಲಿ ನಗು ಹುಟ್ಟಿ ಗಂಟಲವರೆಗೆ ಬಂತು. ಕಳೆದ ಅಮಾವಾಸ್ಯೆಯಂದು ತನ್ನ ತಮ್ಮ ಅಲ್ಲಿಗೆ ಹೋಗಿ ನಮಸ್ಕರಿಸಿ ಬಂದದ್ದು ನೆನಪಾಗಿ ಅಲ್ಲೇ ನಿಂತಿತು. ಇಬ್ಬರೂ ಹದಿನೈದು ವರ್ಷದಲ್ಲಿ ಮೊದಲ ಸಲ ಗೋಡೆಯನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡರು. “ಹೊರಗೆ ಬಾ ಸಿದ್ದಯ್ಯ, ಮಾತಾಡನ,” ಎಂದ ಕರಿಬಸವಯ್ಯ. ದೊಡ್ಡ ಮನುಷ್ಯರ ವೈರ ಎಂಥದೆಂದು ಚಿಕ್ಕಣ್ಣನಿಗೆ ಅಂದು ತಿಳಿಯಿತು. ಕೆಳಗಿನಿಂದ ಒಂದು ಕಲ್ಲು ಅಲುಗಾಡಿದರೆ ಸಾಕು, ಮೇಲೆ ಇಬ್ಬರೂ ತಬ್ಬಿಕೊಳ್ಳುತ್ತಾರೆ.

ಕಲ್ಲು ಕೀಳುವಂತಿರಲಿಲ್ಲ. ಚೌಕಟ್ಟು ಅದರ ಮೇಲೆ ಕೂತಿತ್ತು, ಚೌಕಟ್ಟಿನ ಮೇಲೆ ಗೋಡೆ, ಗೋಡೆಯ ಮೇಲೆ ಹೆಂಚು. ಹೀಗಾಗಿ ಉಳಿದದ್ದು ಬಾಯಿ ಮುಚ್ಚಿಸುವುದೊಂದೇ. ಆ ಕೆಲಸ ತೋಂಟದಾರ್ಯನ ಪಾಲಿಗೆ ಬಂತು. ಅವನು ಕೆಟ್ಟವನಲ್ಲ, ಹೆದರುವವನು. ಅವತ್ತು ಮಧ್ಯಾಹ್ನ ತಾನೇ ಮೊಳೆಗಳ ಕೇಸಿನ ಮುಂದೆ ನಿಂತು, ಅಭ್ಯಾಸ ತಪ್ಪಿದ ಕೈಯಲ್ಲಿ ತಡವುತ್ತ, ಒಂದು ಸಾಲು ಜೋಡಿಸಿ ಪ್ರೂಫ್ ತೆಗೆದು ಚಿಕ್ಕಣ್ಣನ ಮುಂದಿಟ್ಟ. ಬಾಲ ಮುರಿಯದ ಶ್ರೀಯನ್ನೇ ಹುಡುಕಿ ಹಾಕಿದ್ದ. ಶ್ರೀಮತಿ ಗಂಗಕ್ಕ.

“ಮೊದಲನೇ ಸಾಲಲ್ಲೇ ಹಾಕನ ಕಣಪ್ಪ. ಅವರೂ ಒಪ್ಪವ್ರೆ. ಆ ಕಲ್ಲಿನ ಸುದ್ದಿ ಎತ್‌ಬೇಡ, ಮಿಕ್ಕ ಹದಿನಾರು ಹೆಸರು ಮರೆತುಬುಡು, ಅಷ್ಟೆ. ನಿನಗೆ ಬೇಕಾಗಿದ್ದೂ ಇದೇ ಅಲ್ವಾ?”

ನಿಜ, ಅವನಿಗೆ ಬೇಕಾಗಿದ್ದು ಇದೇ. ಮಸಿ ಇನ್ನೂ ಆರದ ಆ ಹೆಸರನ್ನು ಚಿಕ್ಕಣ್ಣ ಎರಡು ಸಲ ಓದಿದ. ನಾಳೆ ಹೇಳುತ್ತೇನೆಂದು ಪ್ರೂಫನ್ನು ಮಡಿಸದೆ ಅಂಗೈಯಲ್ಲಿ ಹಿಡಿದು ಬಸ್ಸು ಹತ್ತಿದ. ಓದುಬಳಗದಲ್ಲಿ ಎರಡು ವರ್ಷ ಕೇಳಿದ ದೊಡ್ಡ ದೊಡ್ಡ ಮಾತುಗಳೆಲ್ಲ ಆ ಎರಡು ಗಂಟೆಯ ಹಾದಿಯಲ್ಲಿ ಅವನನ್ನು ಒಂಟಿಯಾಗಿ ಬಿಟ್ಟು ಕಿಬ್ಬನಹಳ್ಳಿಯಲ್ಲೇ ಇಳಿದುಹೋದವು.

ಗಂಗಕ್ಕ ಒಬ್ಬರ ಅಟ್ಟದ ಕೆಳಗೆ ಸಿಪ್ಪೆಯ ರಾಶಿಯ ನಡುವೆ ಕೂತು ಕಾಯಿ ಆರಿಸುತ್ತಿದ್ದಳು. ಅವನು ಕಾಗದ ಕೊಟ್ಟು ಓದಿ ಹೇಳಿದ. ಷರತ್ತನ್ನೂ ಹೇಳಿದ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಕೆಂಪಿ ಹೆಸರೆಲ್ಲೈತೆ?”

“ಅವಳದ್ದು ಇಲ್ಲ ಕಣವ್ವ. ನಿಂದೊಂದೇ.”

“ಕಲ್ಲಿನ ಆ ಕೊನೆ ಹಿಡ್ದಿದ್ದು ಅವಳು. ನಾನೊಬ್ಬಳೇ ಹೊತ್ಕೊಂಡೋದ್ನಾ?” ಗಂಗಕ್ಕ ಕಾಗದವನ್ನು ಕಿವಿಯ ಹತ್ತಿರ ಹಿಡಿದು ಕಾಯಿಯಂತೆ ಎರಡು ಸಲ ಅಲುಗಿಸಿದಳು. “ಸದ್ದಿಲ್ಲ ಕಣ್ಲಾ ಚಿಕ್ಕ. ಇನ್ನೂ ಹಸಿ. ಅಟ್ಟಕ್ಕೆ ಹಾಕು.” ಹಾಗೆಂದು ಕಾಗದವನ್ನು ಅವನ ಕೈಗೆ ತುರುಕಿ ಮುಂದಿನ ಕಾಯಿ ಎತ್ತಿಕೊಂಡಳು. ಅವಳ ಮಟ್ಟಿಗೆ ವಿಚಾರ ಮುಗಿದಿತ್ತು.

ಮಾರನೆಯ ದಿನ ಚಿಕ್ಕಣ್ಣ ಪ್ರೂಫನ್ನು ತೋಂಟದಾರ್ಯನ ಮೇಜಿನ ಮೇಲಿಟ್ಟು, ಮೊಳೆ ಜೋಡಿಸುವ ಸ್ಟಿಕ್ಕನ್ನು ಅದರ ಮೇಲೆ ಭಾರಕ್ಕಿಟ್ಟು, ಬತ್ತೀನಿ ಸಾರ್ ಎಂದು ಹೇಳಿ ಹೊರಬಿದ್ದ. ಹದಿನೈದು ವರ್ಷದ ಕೆಲಸ ಅಷ್ಟರಲ್ಲಿ ಮುಗಿಯಿತು. ಅರಸೀಕೆರೆಯಿಂದ ಬೇರೊಬ್ಬನನ್ನು ಕರೆಸಿ ಪತ್ರಿಕೆ ಹಾಕಿಸಿದರು. ಅರವತ್ತಮೂರು ಹೆಸರಿಗೂ ಶ್ರೀ ಬಂತು. ಹೇಗೆಂದರೆ, ಮೊದಲು ನಲವತ್ತೊಂದು, ಅವನ್ನೇ ಬಿಚ್ಚಿ ಎರಡನೇ ಸಲ ಇಪ್ಪತ್ತೆರಡು. ಎಂಜಲು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕೇರಿಯ ಕಲ್ಲಿಗೆ ಹೋಲಿಸಿದರೆ ಪಕ್ಕದ ಮನೆಯವನ ಎಂಜಲು ಪಂಚಾಮೃತವಾಗಿತ್ತು.

ಇತ್ತ ಚಿಕ್ಕಣ್ಣ ಸಾಮಿಲ್ಲಿನಿಂದ ಹಲಸಿನ ತುಂಡು ಹಲಗೆಗಳನ್ನು ತಂದು ಶ್ರೀರಂಗಯ್ಯನವರ ಜಗುಲಿಯಲ್ಲಿ ಕೂತ. ಮೂರು ಶಂಕರಪೋಳಿಯ ಹಲಗೆ ಮೊದಲೇ ಇತ್ತು, ಅವನದೇ. ಅದರ ಮೇಲೆ ಸಮಿತಿಯ ತಲೆಬರಹವನ್ನು ಅಕ್ಷರ ಬಿಡದೆ ಕೆತ್ತಿದ. ಕೆಳಗೆ ಹದಿನೇಳು ಹೆಸರು, ಪ್ರತಿಯೊಂದರ ಪಕ್ಕ ಕೊಟ್ಟದ್ದೇನು ಎಂದು. ಗಾರೆ, ಗೋಡೆ, ಮರಳು, ನೀರು, ಕರಿಹಲಗೆಯ ಮಸಿ, ಮೆಟ್ಟಿಲ ಕಲ್ಲು. ಕಲ್ಲಿನ ಎದುರು ಗಂಗಕ್ಕ, ಕೆಂಪಕ್ಕ, ಎರಡೂ ಹೆಸರು. ಎಡಗಡೆ ಗೇಣುದ್ದದ ಒಂದೇ ಒಂದು ಶ್ರೀ, ಅದರ ಪಕ್ಕ ಹದಿನೇಳನ್ನೂ ತೋಳಿನಲ್ಲಿ ಬಾಚಿದಂತೆ ಒಂದು ಬಾಗು ಗೆರೆ. ಸಾಮಾನ್ಯವಾದದ್ದು ಆವರಣದ ಹೊರಗೆ. ಲೆಕ್ಚರರು ಅದನ್ನು ನೋಡಿ ಪರೀಕ್ಷೆಯಲ್ಲಿ ನೂರಕ್ಕೆ ನೂರು ಕೊಡುವವರಂತೆ ತಲೆಯಾಡಿಸಿದರು. ಟ್ರೆಡಲ್ ಎಲ್ಲಿಂದ ಬರಬೇಕು? ಹಲಗೆಗೆ ಮಸಿ ಹಚ್ಚಿ, ಕಂದು ಕಾಗದ ಹಾಸಿ, ನಯವಾಗಿ ಉಜ್ಜಿದ ತೆಂಗಿನ ಚಿಪ್ಪಿನ ಬೆನ್ನಿನಿಂದ ತಿಕ್ಕಿ ತಿಕ್ಕಿ ಒಂದೊಂದೇ ಹಾಳೆ ಎಬ್ಬಿಸಿದರು. ಬಳಗದ ನಾಲ್ವರು ಸೇರಿ ಎರಡು ದಿನದಲ್ಲಿ ಮುನ್ನೂರು. ಚಿಪ್ಪು ಹಿಡಿದು ಚಿಕ್ಕಣ್ಣನ ಅಂಗೈ ಬೊಬ್ಬೆಯೆದ್ದಿತು. ಎರಡು ಹಾಳೆ ಒಂದೇ ಥರ ಬರಲಿಲ್ಲ. ಒಂದರಲ್ಲಿ ಗೋಡೆ ಕಪ್ಪಾದರೆ ಇನ್ನೊಂದರಲ್ಲಿ ಕಲ್ಲು ಕಪ್ಪಾಯಿತು. ಹದಿನೇಳು ಜನರ ಹೆಸರು ಮಾತ್ರ ಪ್ರತಿ ಹಾಳೆಯಲ್ಲೂ ಓದುವಂತಿತ್ತು.

ಕಿಬ್ಬನಹಳ್ಳಿಯ ಕ್ರಾಸಿನಲ್ಲಿ, ಹಂದನಕೆರೆಯ ಸಂತೆಮಾಳದಲ್ಲಿ, ತಿಪಟೂರಿನ ಮಂಡಿಗಳ ಗೋಡೆಗಳಲ್ಲಿ ಹಾಳೆ ಅಂಟಿತು. ಹರಿದರು, ಮತ್ತೆ ಅಂಟಿತು. ಬಸ್ಸಿಗೆ ಕಾಯುವವರಿಗೆ ಮೂರು ಪ್ರಶ್ನೆ ಬಾಯಿಪಾಠವಾದವು. ಯಾರಾದರೂ ಜಂಬ ಕೊಚ್ಚಿದರೆ ಸಾಕು, ನಿಂತಿದೆಯಾ, ಸ್ವಂತದ್ದಾ, ಕೈಯಾರೆನಾ ಎಂದು ಪಕ್ಕದವರು ಕೇಳತೊಡಗಿದರು. ಮಂಡಿಯಲ್ಲಿ ಹಮಾಲಿಯೊಬ್ಬ ರೇವಣಸಿದ್ದಯ್ಯನಿಗೇ ಕೇಳಿದನಂತೆ.

ಪ್ರಾರಂಭೋತ್ಸವದ ಬೆಳಿಗ್ಗೆ ಕಲ್ಲುಬಾವಿಪಾಳ್ಯಕ್ಕೆ ಜಾತ್ರೆಗಿಂತ ಹೆಚ್ಚು ಜನ ಬಂದದ್ದು ಭಾಷಣ ಕೇಳಲಲ್ಲ. ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗೆ ಏನೂ ಗೊತ್ತಿರಲಿಲ್ಲ. ಮೆಟ್ಟಿಲು ಮುಟ್ಟಿ ನಮಸ್ಕರಿಸುವುದು ಇಲ್ಲಿನ ವಾಡಿಕೆ ಎಂದು ಕಾರಿನ ಡ್ರೈವರು ದಾರಿಯಲ್ಲಿ ಹೇಳಿದ್ದಷ್ಟೇ. ಆತ ರಿಬ್ಬನ್ನು ಕತ್ತರಿಸಿ, ಬಗ್ಗಿ, ಕಲ್ಲು ಮುಟ್ಟಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಒಳಗೆ ನಡೆದ. ಫೋಟೋದವನು ತೆಗೆದುಕೊಂಡ. ಈಗ ಹಿಂದಿನವರ ಸರದಿ. ಮುಟ್ಟುವಂತಿಲ್ಲ, ತುಳಿದರೂ ಮೈಲಿಗೆ, ಅತಿಥಿ ಒಳಗೆ ಒಬ್ಬನೇ ನಿಂತು ತಿರುಗಿ ನೋಡುತ್ತಿದ್ದಾನೆ. ಕರಿಬಸವಯ್ಯ ಜರಿಪಂಚೆಯನ್ನು ಮೊಣಕಾಲಿಗೆತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಕಲ್ಲನ್ನು ಹಾರಿದ. ಅವನ ಹಿಂದೆ ವಿಮಲಮ್ಮ. ಅವರ ಹಿಂದೆ ರೇವಣಸಿದ್ದಯ್ಯ, ಹೊಟ್ಟೆ ಹಿಡಿದುಕೊಂಡು. ಅರವತ್ತಮೂರು ಶ್ರೀಗಳಲ್ಲಿ ಅರವತ್ತೆರಡು ಒಂದರ ಹಿಂದೊಂದು ಎಗರಿ ಎಗರಿ ವಿದ್ಯಾಮಂದಿರವನ್ನು ಪ್ರವೇಶಿಸಿದವು. ಕೊನೆಯಲ್ಲಿ ಬಂದ ರಿಟೈರಾದ ಮೇಷ್ಟ್ರು ಮಾತ್ರ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ ಹೋದರು. ಅವರ ಹಿಂದೆ ಕೇರಿಯ ಮಕ್ಕಳು, ತಡೆಯುವವರೆಲ್ಲ ಒಳಗೆ ಏದುಸಿರು ಬಿಡುತ್ತಿದ್ದುದರಿಂದ, ನೆಟ್ಟಗೆ ನಡೆದುಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಚಿಕ್ಕಣ್ಣ ತಾಯಿಗೊಂದು ಹಾಳೆ ತಂದಿದ್ದ. ಗಂಗಕ್ಕ ಈ ಸಲ ಕಿವಿಗೆ ಹಿಡಿಯಲಿಲ್ಲ. ತನ್ನ ಹೆಸರು ಯಾವುದು, ಕೆಂಪಿಯದು ಯಾವುದು ಎಂದು ಬೆರಳಿಟ್ಟು ತೋರಿಸಿಕೊಂಡಳು. ಎರಡೂ ಪಕ್ಕಪಕ್ಕ ಇರುವುದನ್ನು ಖಾತ್ರಿ ಮಾಡಿಕೊಂಡು ಹಾಳೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ಅದೆಲ್ಲ ಸರಿ ಕಣ್ಲಾ,” ಎಂದಳು, “ವರ್ಷದಿಂದ ಬಟ್ಟೆ ಒಗ್ಯಕ್ಕೆ ಕಲ್ಲಿಲ್ಲ ನಂಗೆ.”

ಒಳಗೆ ಭಾಷಣ ಶುರುವಾಗಿ ಮೈಕಿನಲ್ಲಿ ಒಂದೊಂದೇ ಶ್ರೀ ಹೊರಬೀಳುತ್ತಿದ್ದಾಗ ಇಬ್ಬರು ಹೆಂಗಸರು ಶಾಲೆಯ ಹಿಂದಿನ ಬೇಲಿಯ ಹತ್ತಿರ ಹೋದರು. ಕರಿಬಸವಯ್ಯನವರು ದಾನ ಕೊಟ್ಟ ಚಪ್ಪಡಿಯ ಎರಡು ಹೋಳು ಮುಳ್ಳಿನಲ್ಲಿ ಬಿದ್ದಿದ್ದವು. ನುಣುಪಾದ ಹೋಳನ್ನು ಆರಿಸಿ, ಗಂಗಕ್ಕ ಒಂದು ಕೊನೆ, ಕೆಂಪಕ್ಕ ಇನ್ನೊಂದು ಕೊನೆ ಹಿಡಿದು, ಉರುಳುಗಟ್ಟಿಗೆಯ ಮೇಲೇರಿಸಿ, ಮನೆಯ ಕಡೆ ತಳ್ಳಿಕೊಂಡು ನಡೆದರು.